ಜಿಂಕೆಯ ಕತ್ತಿ

ಮಹಾನವಮಿ ಹತ್ತಿರ ಬಂತೆಂದರೆ ಗಂಗಪ್ಪನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಬೈಲಹೊಂಗಲದ ವಾಡೆಯ ದುಂಡಪ್ಪಗೌಡ ತನ್ನ ಹಳೆಯ ವಿಲಾಯತಿ ಕ್ಷೌರದ ಕತ್ತಿಯನ್ನು ಆಯುಧಗಳ ಖಂಡೆಪೂಜೆಗೆಂದು ಹೊಳಪು ಹಾಕಲು ಅವನ ಕ್ಷೌರದಂಗಡಿಗೆ ಕಳಿಸುತ್ತಿದ್ದ. ತನ್ನದಂತೆ, ತನ್ನದು! ಅದು ಗಂಗಪ್ಪನ ಅಪ್ಪನ ಕತ್ತಿ. ಕ್ಷೌರ ಮಾಡುವಾಗ ಕೆನ್ನೆಗೊಂದು ಗೀರು ಬಿದ್ದದ್ದಕ್ಕೆ ಗೌಡ ನಾಲ್ಕು ಜನರೆದುರು ಅಪ್ಪನ ಕಪಾಳಕ್ಕೆ ಹೊಡೆದು ಕಸಿದುಕೊಂಡದ್ದು. ಗಂಗಪ್ಪ ಆಗ ತೊಟ್ಟಿಲ ಕೂಸು. ಅಪ್ಪ ಮತ್ತೆ ತಲೆಯೆತ್ತಲಿಲ್ಲ, ಆ ಕೊರಗಿನಲ್ಲೇ ಹೋಗಿಬಿಟ್ಟ. ಅವ್ವ ಕಾಡವ್ವ ಮಾತ್ರ ಹಟ ಹಿಡಿದು ಕುಳಿತಿದ್ದಳು.

"ಅದು ನಮ್ಮದಾಗಿ ಮನಿಗೆ ಬಂದ ದಿನಾ ನೋಡತೇನಿ. ಅಲ್ಲೀತನಾ ನನ್ನ ಕಣ್ಣಿಗೆ ತೋರಸಬ್ಯಾಡ."

ಅಲಗಿನ ಮೇಲೆ ಓಡುವ ಜಿಂಕೆಯೊಂದನ್ನು ಕೊರೆದಿದ್ದರು. ಕೂದಲೆಳೆಯಂಥ ಗೆರೆ. ಒರಟಾಗಿ ತಿಕ್ಕಿದರೆ ಜಿಂಕೆ ಹೋಗಿ ಬರೀ ಉಕ್ಕು ಉಳಿಯುತ್ತಿತ್ತು. "ಚಿತ್ರಾ ಅಳಿಸಿದ್ರ ಕೈ ಮುರಸ್ತೇನಿ" ಎಂದು ಗೌಡ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದ.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ರಾಮದುರ್ಗದ ಸಂತೆಯಲ್ಲಿ, ಗುಜರಿ ಮಾರುವ ಶಟ್ಟೆಪ್ಪನ ಗೋಣಿತಟ್ಟಿನ ಮೇಲೆ ಥೇಟ್ ಅಂಥದೇ ಕತ್ತಿ ಕಂಡಿತು. ತುಕ್ಕು ಹಿಡಿದಿತ್ತು, ಜಿಂಕೆ ಅದೇ.

"ಬೈಲಹೊಂಗಲದ ವಾಡೇದ ಮಾಲ್ ಐತ್ರಿ. ಆ ಮನೀ ಮಗನೇ ಕದ್ದು ಮಾರ್ಯಾನ," ಎಂದ ಶಟ್ಟೆಪ್ಪ.

ಗಂಗಪ್ಪ ಒಳಗೊಳಗೇ ನಕ್ಕ. ಗುಜರಿಯವರ ಬಾಯಲ್ಲಿ ಹರಕು ಕೊಡೆಯೂ ವಾಡೆಯದೇ! ಆದರೂ ಕತ್ತಿಯನ್ನು ಕೊಂಡುಕೊಂಡ.

ಮಾಡುವುದಿಷ್ಟೇ: ಇದನ್ನು ಗೌಡನಿಗೆ ಕೊಡುವುದು, ಅಪ್ಪನದನ್ನು ಇಟ್ಟುಕೊಳ್ಳುವುದು. ಗೌಡನ ಕತ್ತಿ ಅಂಗಡಿಗೆ ಬಂದ ದಿನ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತ. ಮೆತ್ತನೆಯ ಬಟ್ಟೆ, ಎಣ್ಣೆ, ಅಕ್ಕಸಾಲಿಗರ ಕೆಂಪು ಪುಡಿ. ಬೆರಳ ತುದಿಯಿಂದ ಅಲಗಿನ ಉದ್ದಕ್ಕೆ ಮಾತ್ರ ಉಜ್ಜಿದ. ಹಿಡಿಗೂ ಗೌಡನ ಕತ್ತಿಯಷ್ಟೇ ಸವಕಲು ಬರಿಸಿದ. ಒಂದೇ ವ್ಯತ್ಯಾಸ ಉಳಿಯಿತು. ಸಂತೆಯ ಕತ್ತಿಯಲ್ಲಿ ಜಿಂಕೆಯ ತಲೆಯ ಮೇಲೆ ತುಕ್ಕು ತಿಂದಂಥ ಒಂದು ಚುಕ್ಕೆ, ಗೌಡನದರಲ್ಲಿ ಅದಿಲ್ಲ. ಬಿದಿರುಕಡ್ಡಿ ಚೂಪು ಮಾಡಿ, ಹಲ್ಲು ಕಚ್ಚಿ, ಸುತ್ತಲ ಗೆರೆಗೆ ತಾಗದಂತೆ ಅದನ್ನೂ ಅಳಿಸಿದ. ಅಪ್ಪನಿಗೆ ಬಿದ್ದ ಏಟಿಗೆ ಇದೇ ಉತ್ತರ ಎಂದುಕೊಂಡ.

ಗೌಡ ಸಂತೆಯ ಕತ್ತಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. "ಭೇಷ್! ಈ ಸಲಾ ಖರೇ ಹೊಳಪು ಬಂದೈತಿ ನೋಡಲೇ."

ಗಂಗಪ್ಪ ಕೈಮುಗಿದ. ಮನಸ್ಸಿನಲ್ಲೇ ಅವನ ಏಳು ತಲೆಮಾರನ್ನು ಬೈದು, ಮನೆಗೆ ಓಡಿದ.

"ಈಗ ನಮ್ಮದಾತಬೇ, ನೋಡು." ಕಾಡವ್ವ ಕತ್ತಿಯನ್ನು ಬಾಗಿಲ ಬೆಳಕಿಗೆ ಒಯ್ದಳು. ಬಹಳ ಹೊತ್ತು ನೋಡಿ, ಉಗುರಿನಿಂದ ಜಿಂಕೆಯ ತಲೆ ಸವರಿದಳು. "ಇದು ನಿಮ್ಮಪ್ಪಂದಲ್ಲೋ. ಕತ್ತಿ ಮಾಡಿದ ಕಂಪನ್ಯಾವ್ರು ಜಿಂಕಿಗೆ ಕಣ್ಣ ಇಟ್ಟಿದ್ದಿಲ್ಲ. ಕುರುಡ ಜಿಂಕಿ ಬ್ಯಾಡಂತ ನಿಮ್ಮಪ್ಪ ಅಕ್ಕಸಾಲಿಗನ ಕಡಿಂದ ಒಂದು ಚುಕ್ಕಿ ಹಾಕಿಸಿದ್ದ. ಎಲ್ಲೈತಿ ಆ ಕಣ್ಣ?" ಗಂಗಪ್ಪ ಕತ್ತಿಯನ್ನು ಕಸಿದು ತಾನೇ ಬೆಳಕಿಗೆ ಹಿಡಿದ. ಶಟ್ಟೆಪ್ಪ ಸುಳ್ಳು ಹೇಳಿರಲಿಲ್ಲ. ಗಂಗಪ್ಪ ಅದನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಮುಂಚೆಯೇ ಗೌಡನ ಮಗ ಅಸಲಿಯನ್ನು ಮಾರಿ, ಅದರ ಜಾಗದಲ್ಲಿ ಅಂಥದೇ ಬೇರೊಂದನ್ನು ಇಟ್ಟಿದ್ದ. ಅಪ್ಪ ಇಡಿಸಿದ ಕಣ್ಣನ್ನು ತುಕ್ಕೆಂದು ಅಳಿಸಿ, ಅಪ್ಪನ ಕತ್ತಿಯನ್ನು ಕೈಯಾರೆ ಗೌಡನಿಗೆ ಒಪ್ಪಿಸಿ, ಮೇಲೆ ಕೈಮುಗಿದು ಬಂದವನು ಗಂಗಪ್ಪನೇ.