ಬಾಗಿಲಿಗೆ ಹುಟ್ಟಿದ ಪೆಟ್ಟಿಗೆ

ಗಾಜಿನ ಪೆಟ್ಟಿಗೆ ಬಾಯಿ ತೆರೆದು ನಿಂತಿತ್ತು. ಒಳಗೆ ಚಿನ್ನದ ಜೇಬುಗಡಿಯಾರವಿರಲಿಲ್ಲ.

ಫೈರ್ ಡ್ರಿಲ್ ಮುಗಿಸಿ ಅಂಗಳದಿಂದ ಮರಳಿದ ಮ್ಯೂಸಿಯಂ ಸಿಬ್ಬಂದಿ ಅದನ್ನೇ ನೋಡುತ್ತಿದ್ದರು. ಗಾಜು ಒಡೆದಿರಲಿಲ್ಲ. ಬೀಗ ಮುರಿದಿರಲಿಲ್ಲ. ಅದನ್ನು ತೆರೆಯುವ ಒಂದೇ ಒಂದು ಕಾರ್ಡು ಕಾವಲುಗಾರನ ಕೊರಳಲ್ಲಿತ್ತು.

"ಹಾಲು ಕಾಯೋಕೆ ಬೆಕ್ಕನ್ನೇ ಇಟ್ಟಿದ್ವಿ," ಎಂದ ಮ್ಯಾನೇಜರ್.

ಇನ್ಸ್‌ಪೆಕ್ಟರ್ ಬಂದು ಎಲ್ಲರ ಜೇಬು ತಡಕಾಡಿಸಿದರು. ಏನೂ ಸಿಗಲಿಲ್ಲ. ಆದರೂ ಕಾವಲುಗಾರನನ್ನು ಜೀಪು ಹತ್ತಿಸಲು ಹೊರಟಾಗ ಅವನ ಅಕ್ಕನ ಮಗಳು ಲ್ಯಾಪ್‌ಟಾಪ್ ಸಮೇತ ಬಂದಳು. ಅಲ್ಲಿನ ಬೀಗಗಳ ಪ್ರೋಗ್ರಾಂ ಬರೆದವಳು ಅವಳೇ.

"ಸಂಬಂಧಿಕರ ಸಾಕ್ಷಿ ನಡೆಯಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್.

"ಸಾಕ್ಷಿ ಹೇಳೋದು ಪೆಟ್ಟಿಗೆ ಸರ್. ಹತ್ತು ಗಂಟೆ ಐದು ನಿಮಿಷಕ್ಕೆ ತೆರೆದಿದೆ. ಕಾರ್ಡು ಬಳಸಿಲ್ಲ."

"ಹಾಗಾದ್ರೆ ಇವಳೇ ದೂರದಿಂದ ತೆಗೆದಿದ್ದಾಳೆ," ಎಂದ ಮ್ಯಾನೇಜರ್. "ಮಾವ, ಸೊಸೆ ಕೂಡಿ ನುಂಗಿದ್ದಾರೆ."

ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು. ಅವಳು ತನ್ನದೇ ಹಳೆಯ ಪ್ರೋಗ್ರಾಂ ತೆರೆದಳು. ಮೊದಲ ಸಾಲಿಗೇ ನಾಲಿಗೆ ಕಚ್ಚಿಕೊಂಡಳು.

* * *

"ತಪ್ಪು ನನ್ನದೂ ಇದೆ ಸರ್. ಪ್ರೋಗ್ರಾಂನಲ್ಲಿ ಬಾಗಿಲು ಅಂತ ಒಂದು ಕ್ಲಾಸ್, ಅಂದ್ರೆ ಒಂದು ಅಚ್ಚು, ಬರೆದಿದ್ದೆ. ಕಾರ್ಡು ಓದೋದು, ಬೀಗ ತೆಗೆಯೋದು ಎಲ್ಲ ಅದಕ್ಕೆ ಗೊತ್ತು. ಪೆಟ್ಟಿಗೆಗೂ ಅದೇ ಬೇಕಿತ್ತು. ಮತ್ತೆ ಯಾರು ಬರೀತಾರೆ ಅಂತ ಪೆಟ್ಟಿಗೇನ ಬಾಗಿಲಿನ ಮಗ ಮಾಡಿಬಿಟ್ಟೆ."

"ಮಾಡಿದ್ರೇನು?"

"ಮಗನಿಗೆ ಅಪ್ಪನ ಆಸ್ತಿ ಮಾತ್ರ ಬರಲ್ಲ, ಚಟವೂ ಬರುತ್ತೆ. ಬೆಂಕಿಯ ಗಂಟೆ ಹೊಡೆದ್ರೆ ಬಾಗಿಲುಗಳು ತಾವೇ ತೆರೆದುಕೊಳ್ತವೆ, ಜನ ಹೊರಗೆ ಓಡಲಿ ಅಂತ. ಇವತ್ತು ಹತ್ತು ಐದಕ್ಕೆ ಡ್ರಿಲ್‌ನ ಗಂಟೆ ಹೊಡೀತು, ಮಗನೂ ತೆರೆದ."

"ಏನು ಮಾಡಬೇಕಿತ್ತು?"

"ಮೊದಲು ಒಂದು ಮಾತು ಕೇಳಿಕೋಬೇಕಿತ್ತು: ಪೆಟ್ಟಿಗೆ ಒಂದು ಥರದ ಬಾಗಿಲಾ? ಕಬ್ಬಿಣದ ಬಾಗಿಲು ಬಾಗಿಲೇ, ಅದು ಮಗನಾಗಲಿ. ಪೆಟ್ಟಿಗೆಗೆ ಬೇಕಿದ್ದು ಬಾಗಿಲಿನ ಒಂದೆರಡು ಕಸುಬು ಮಾತ್ರ. ಅಂಥ ಕಡೆ ಆಳು ಇಡಬೇಕು. ಬೀಗದ ಕೆಲಸ ಗೊತ್ತಿರೋ ಪ್ರೋಗ್ರಾಂನ ಬೇರೆ ತುಂಡು, ಅಂದ್ರೆ ಒಂದು ಆಬ್ಜೆಕ್ಟನ್ನ ಪೆಟ್ಟಿಗೆ ಒಳಗೆ ಕೂರಿಸಿ, ಕೆಲಸ ಅದಕ್ಕೆ ವಹಿಸೋದು. ಡೆಲಿಗೇಟ್ ಅಂತೀವಿ. ಕಾರ್ಡು ಬಂದಾಗ ಪೆಟ್ಟಿಗೆ ಆಳನ್ನ ಕರೀತಿತ್ತು. ಗಂಟೆ ಹೊಡೆದಾಗ ಸುಮ್ಮನಿರ್ತಿತ್ತು."

"ತೆರೆದದ್ದು ಗಂಟೆ, ಸರಿ. ಗಡಿಯಾರ ಎತ್ತಿದ್ದು ಯಾರು?"

* * *

ಅವಳು ನಾಲ್ಕು ತಿಂಗಳ ಹಿಂದಿನ ಡ್ರಿಲ್‌ನ ದಾಖಲೆ ತೋರಿಸಿದಳು. ಅಂದೂ ಪೆಟ್ಟಿಗೆ ತೆರೆದಿತ್ತು. ಹನ್ನೆರಡು ನಿಮಿಷದ ಮೇಲೆ ಯಾರೋ ಕೈಯಿಂದ ಮುಚ್ಚಿದ್ದರು.

"ಮಾವ, ಡ್ರಿಲ್ ಆದಮೇಲೆ ಮೊದಲು ಒಳಗೆ ಬರೋದು ಯಾರು?"

"ಮ್ಯಾನೇಜರ್ ಸಾಹೇಬರು. ಎಲ್ಲ ಕೋಣೆ ನೋಡಿ ಕೊನೆಗೆ ಹೊರಗೆ ಹೋಗೋರೂ ಅವರೇ. ನಿಯಮ ಅದು."

"ಪೆಟ್ಟಿಗೆ ತಾನಾಗೇ ತೆರೆದದ್ದು ಕಂಡೂ ನನಗೊಂದು ಫೋನ್ ಮಾಡಲಿಲ್ಲ. ಇವತ್ತಿನ ಡ್ರಿಲ್ ಇಟ್ಟದ್ದು?"

"ಅವರೇ. ನಿನ್ನೆ ಸಂಜೆ ಹೇಳಿದ್ರು."

"ನನ್ನ ಜೇಬು ನೋಡಿದ್ದಾಯ್ತಲ್ಲ!" ಮ್ಯಾನೇಜರನ ದನಿ ಏರಿತು.

"ನಿಮ್ಮ ಜೇಬಲ್ಲಿಲ್ಲ. ಹೊರಗೆ ಎಲ್ಲರ ಕಣ್ಣೆದುರೇ ಇದ್ರಿ, ಅಂದ್ರೆ ಕಟ್ಟಡದಲ್ಲೇ ಇದೆ," ಎಂದಳು.

ಕಾವಲುಗಾರ ಕತ್ತು ಚಾಚಿ ಮೊಗಸಾಲೆಯ ಕಡೆ ನೋಡಿದ. ಅಲ್ಲಿ ಬೆಂಕಿ ಆರಿಸುವ ಮರಳಿನ ಮೂರು ಬಕೆಟ್ ತೂಗುತ್ತಿದ್ದವು. "ದಿನಾ ಬೆಳಿಗ್ಗೆ ಮರಳು ಸಮ ಮಾಡೋನು ನಾನು ಸರ್. ಮಧ್ಯದ್ದು ಗುಡ್ಡೆಯಾಗಿದೆ."

ಇನ್ಸ್‌ಪೆಕ್ಟರ್ ಮೊಣಕೈವರೆಗೆ ಕೈ ಹಾಕಿದರು. ಗಡಿಯಾರ ಹೊರಬಂತು. ಮ್ಯಾನೇಜರ್ ಜೀಪು ಹತ್ತಿದ.

"ನಿಮ್ಮ ತಪ್ಪೂ ವರದೀಲಿ ಬರುತ್ತಮ್ಮ."

"ಬರೀರಿ ಸರ್. ಸಂಜೆಯೊಳಗೆ ಪೆಟ್ಟಿಗೆಗೆ ಆಳು ಇಟ್ಟಿರ್ತೀನಿ."

ಕಾವಲುಗಾರ ಕೊರಳ ಕಾರ್ಡು ನೆಟ್ಟಗೆ ಮಾಡಿಕೊಂಡ. "ಇಡು ಪುಟ್ಟಿ. ಹಳೇ ಆಳನ್ನ ಮಾತ್ರ ಬಿಡಿಸಬೇಡ."