ಮಧ್ಯಾಹ್ನದ ಗಾಳಿ

ಮದುವೆ ಬೇಡ ಎನ್ನಬೇಕಿದ್ದರೆ ಬಾಯಿಬಿಟ್ಟು ಹೇಳಬೇಕಪ್ಪ. ಹುಡುಗಿಯನ್ನು ಬೆಟ್ಟದ ತುದಿಗೆ ಕರೆದುಕೊಂಡು ಹೋಗಿ ಗಾಳಿಯ ಕೈಲಿ ಹೇಳಿಸಬಾರದು. ನನ್ನವನು ಮಾಡಿದ್ದು ಅದನ್ನೇ.

ನಮ್ಮ ಬೆಟ್ಟದ ತುದಿಯಲ್ಲೊಂದು ಕಬ್ಬಿಣದ ಕಂಬಿಬೇಲಿ ಇದೆ. ಅದರಾಚೆ ಬರೀ ಕಣಿವೆ, ತಳದಲ್ಲಿ ನೂಲೆಳೆಯಂಥ ನದಿ. ಹಿಂದೆ ಒಬ್ಬ ಹುಡುಗಿ, ಕಣಿವೆಗಿಳಿದ ತನ್ನ ನಲ್ಲ ಮರಳಿ ಬರುತ್ತಾನೋ ಇಲ್ಲವೋ ತಿಳಿಯಲು ಅಲ್ಲಿಂದ ತನ್ನ ಶಾಲು ಎಸೆದಳಂತೆ. ಗಾಳಿ ಅದನ್ನು ತಂದು ಅವಳ ಹೆಗಲಿಗೇ ಹಾಕಿತಂತೆ. ಅವನೂ ಬಂದನಂತೆ. ಅಂದಿನಿಂದ ಜೋಡಿಗಳೆಲ್ಲ ಬಂದು ಶಾಲು ಎಸೆಯುತ್ತವೆ. ಮರಳಿ ಬಂದರೆ ಮದುವೆ, ಬಾರದಿದ್ದರೆ ಋಣವಿಲ್ಲ ಎಂದು ಲೆಕ್ಕ.

ಶಾಲು ಮಾರುವವಳು ನಾನು. ಅದು ಹಾರಿ ಬರುವಾಗ ಫೋಟೋ ತೆಗೆಯುವವನು ಅವನು. ಅವನ ಬಾಯಲ್ಲಿ ನಾನು ‘ಮಫ್ಲರ್’, ನನ್ನ ಬಾಯಲ್ಲಿ ಅವನು ‘ಕ್ಲಿಕ್’.

"ನಿನ್ನ ಶಾಲು ಎಷ್ಟು ತೆಳ್ಳಗಿದೆ ಅಂದ್ರೆ, ಸೀನಿದ್ರೂ ಹಾರಿಹೋಗುತ್ತೆ" ಎಂದು ಕಾಲೆಳೆಯುತ್ತಿದ್ದ.

"ನಿನ್ನ ಫೋಟೋದಲ್ಲಿ ಎಲ್ರೂ ಸೀನೋಕೆ ಹೊರಟ ಹಾಗೇ ಇರ್ತಾರಲ್ಲ, ಅದಕ್ಕೇ!"

ಆಗ ಕ್ಯಾಮೆರಾದ ಮೇಲಿಂದ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಆ ನೋಟಕ್ಕೆ ಏನು ಮಾಡಬೇಕೋ ತಿಳಿಯದೆ, ಮಡಿಚಿಟ್ಟ ಶಾಲನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದೆ.

ನಮ್ಮಿಬ್ಬರಿಗೂ ಒಂದು ಗುಟ್ಟು ಗೊತ್ತಿತ್ತು. ಬೆಳಗ್ಗೆ ಬಂಡೆಗೆ ಬಿಸಿಲು ಬೀಳುವಾಗ ಗಾಳಿ ಕಣಿವೆಯಿಂದ ಮೇಲಕ್ಕೆ ನುಗ್ಗುತ್ತದೆ. ಏನೆಸೆದರೂ ಮುಖಕ್ಕೇ ವಾಪಸ್. ಊಟದ ಹೊತ್ತು ಕಳೆಯಿತೋ, ಗಾಳಿ ತಿರುಗಿ ಕೆಳಕ್ಕೆ ಸುರಿಯುತ್ತದೆ, ಹೋದದ್ದು ಹೋದಂತೆಯೇ. ಅದಕ್ಕೇ ಕ್ಲಿಕ್ ಜೋಡಿಗಳನ್ನು ಬೆಳಗ್ಗೆ ಮಾತ್ರ ಅಲ್ಲಿ ನಿಲ್ಲಿಸುತ್ತಿದ್ದ. "ಸುಮ್ನೆ ಇನ್ನೊಬ್ಬರ ಸಂಸಾರ ಯಾಕೆ ಕೆಡಿಸೋದು?" ಎನ್ನುತ್ತಿದ್ದ.

ಈ ಚಳಿಗಾಲ ಅವನ ಫೋಟೋಗಳು ಅಲುಗಾಡತೊಡಗಿದವು. ಗಾಳಿ ಜಾಸ್ತಿ ಎಂದ. ಗಾಳಿಯಿಲ್ಲದ ದಿನವೂ ಅವನ ಕೈಯಲ್ಲಿ ಟೀ ತುಳುಕುವುದನ್ನು ನಾನು ಕಂಡೆ. ಕೇಳಿದರೆ ಮಾತು ಹಾರಿಸಿದ. ಹಾಳಾಗಲಿ ಎಂದು, ವರ್ಷಗಳಿಂದ ಗಂಟಲಲ್ಲಿದ್ದದ್ದನ್ನೇ ಕೇಳಿಬಿಟ್ಟೆ.

"ನನ್ನ ಮದುವೆ ಆಗ್ತೀಯಾ?"

ಅವನು ಬಹಳ ಹೊತ್ತು ಲೆನ್ಸ್ ಒರೆಸಿದ. "ಗಾಳಿನೇ ಕೇಳೋಣ. ನಾಳೆ ಮಧ್ಯಾಹ್ನ ಬಾ."

ಮಧ್ಯಾಹ್ನ! ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. ಆದರೂ ಹೋದೆ. ಕಂಬಿಯ ಹತ್ತಿರ ನನ್ನ ಅಂಗಡಿಯದೇ ಶಾಲನ್ನು ನನ್ನ ಕೈಗಿತ್ತ.

"ಎಸಿ."

"ಕ್ಲಿಕ್, ನಾನೇನು ಟೂರಿಸ್ಟಾ?"

ಅವನು ಕಣಿವೆ ನೋಡುತ್ತ ನಿಂತ.

"ಮಧ್ಯಾಹ್ನದ ಗಾಳಿ ಏನು ಮಾಡುತ್ತೆ ಅಂತ ನನಗೆ ಗೊತ್ತಿಲ್ವಾ? ಬೇಡ ಅನ್ನೋಕೆ ನಾಲಿಗೆ ಬಿದ್ದುಹೋಗಿತ್ತಾ ನಿಂಗೆ?"

"ಹಾಗೇ ಅಂದ್ಕೊ."

"ಥೂ ನಿನ್ನ! ಕಾರಣ ಹೇಳು."

ಅವನು ಬಲಗೈ ಚಾಚಿದ. ಅದು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು.

"ಅಪ್ಪನಿಗೂ ಹೀಗೇ ಶುರುವಾಗಿದ್ದು. ಅಣ್ಣನಿಗೂ. ವಂಶದಲ್ಲೇ ಬರೋ ಕಾಯಿಲೆ. ನನಗೂ ಇದೆ ಅಂತ ಡಾಕ್ಟರ್ ಹೇಳಿದ್ದಾಯ್ತು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ವಾಸಿಯಾಗೋದಿಲ್ಲ. ಅತ್ತಿಗೆ ಅಣ್ಣನ್ನ ಬಿಟ್ಟು ಹೋದ್ರು. ಅವರ ತಪ್ಪು ಅನ್ನಲ್ಲ ನಾನು. ಆದ್ರೆ ನೀನು ಹಾಗೆ ಹೋಗೋದನ್ನ ನನ್ನ ಕೈಲಿ ನೋಡೋಕಾಗಲ್ಲ."

ಸುಳ್ಳೇಕೆ ಹೇಳಲಿ, ನನಗೆ ಹೆದರಿಕೆಯಾಯಿತು. ಶಾಲನ್ನು ಅವನ ಕೊರಳಿಗೇ ಸುತ್ತಿದೆ.

"ನಡಿ, ಮನೆ ತೋರಿಸು."

"ಬೇಡ, ಮಫ್ಲರ್."

"ತೋರಿಸು ಅಂದೆ."

ಎರಡೇ ಕೋಣೆಯ ಮನೆ. ಒಳಕೋಣೆಯಲ್ಲಿ ಕಿಟಕಿಯ ಗಾಜು ಗಾಳಿಗೆ ಗಡಗಡ ಎನ್ನುತ್ತಿತ್ತು. ತಲೆ ಬಡಿಯದಿರಲೆಂದು ಗೋಡೆಗೆ ಹಳೇ ಹಾಸಿಗೆ ಕಟ್ಟಿದ್ದರು. ಮಂಚದ ಮೇಲೆ ಅವನ ಅಣ್ಣ. ಮಲಗಿದ್ದರು ಎನ್ನಲಾಗದು; ಅವರ ಕೈಕಾಲು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಮುಖ ಮಾತ್ರ ಕ್ಲಿಕ್‌ನದೇ. ಕೆಲವೇ ವರ್ಷಗಳಲ್ಲಿ ನನ್ನವನು ಏನಾಗುತ್ತಾನೋ ಅದನ್ನು ಅಲ್ಲೇ ಕಂಡೆ. ಓಡಿಹೋಗೋಣ ಅನ್ನಿಸಿತು. ಕಾಲು ಬಾಗಿಲ ಕಡೆ ತಿರುಗಿಯೂ ಆಗಿತ್ತು.

ಅಷ್ಟರಲ್ಲಿ ಕ್ಲಿಕ್ ಹಾಲಲ್ಲಿ ಬ್ರೆಡ್ ನೆನೆಸಿ ತಂದು, ಅಣ್ಣನ ಪಕ್ಕ ಕೂತ. ನಡುಗುವ ಕೈ, ನಡುಗುವ ಬಾಯಿ. ಒಂದಕ್ಕೊಂದು ಸಿಗಲೇ ಇಲ್ಲ. ಹಾಲೆಲ್ಲ ಕುತ್ತಿಗೆಗೆ ಇಳಿಯಿತು. ಅವನು ಒರೆಸಿ ಮತ್ತೆ ಚಮಚ ಎತ್ತಿದ. ಮತ್ತೆ ಚೆಲ್ಲಿತು. ಇವರಿಬ್ಬರ ಊಟ ದಿನಾ ಹೀಗೇ ನಡೆಯುತ್ತಿದೆ ಎಂದು ತಿಳಿದಾಗ ನನಗೆ ತಡೆಯಲಾಗಲಿಲ್ಲ. ಚಮಚ ಕಿತ್ತುಕೊಂಡೆ.

ಅಣ್ಣ ನನ್ನನ್ನು ದಿಟ್ಟಿಸಿದರು. ಬಹಳ ಕಷ್ಟಪಟ್ಟು ಒಂದು ಮಾತು ಹೊರಡಿಸಿದರು.

"ಹೋ... ಗಮ್ಮಾ."

"ನೋಡಿದ್ಯಾ? ಅವನೂ ಅದನ್ನೇ ಹೇಳ್ತಿದ್ದಾನೆ" ಎಂದ ಕ್ಲಿಕ್.

"ಭಾವ," ಎಂದೆ ನಾನು, ಅವರ ಗಲ್ಲ ಹಿಡಿದು, "ಇದು ನನ್ನ, ನಿಮ್ಮ ತಮ್ಮನ ವಿಷಯ. ನೀವು ಮಧ್ಯ ಬಾಯಿ ಹಾಕ್ಬೇಡಿ. ಆ ಅನ್ನಿ, ಅಷ್ಟೇ."

ತಿರುಗಿ ನೋಡಿದರೆ, ಕ್ಲಿಕ್ ನಾನು ಸುತ್ತಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಹೆಗಲು ಅದುರುತ್ತಿತ್ತು. ಅದು ಕಾಯಿಲೆಯದಲ್ಲ.

"ಮಕ್ಕಳು ಬೇಡ" ಎಂದೆ. "ಇದು ನಿನ್ನ ಹತ್ರಾನೇ ಮುಗೀಲಿ."

"ಹೂಂ."

"ಕೈ ನಡೆಯೋವರೆಗೂ ಫೋಟೋ ತೆಗಿ. ಆಮೇಲೆ ನಾನು ತೆಗೀತೀನಿ, ನೀನು ಪಕ್ಕದಲ್ಲಿ ಕೂತು ಹೇಳ್ಕೊಡು."

"ಮಾತೂ ನಿಂತುಹೋದ್ರೆ?"

"ಅಷ್ಟರೊಳಗೆ ಹೇಳೋದನ್ನೆಲ್ಲಾ ಹೇಳಿ ಮುಗಿಸು. ಇವತ್ತಿಂದ್ಲೇ ಶುರು ಮಾಡು."

ಅವನು ಎದ್ದು ಬಂದು ನನ್ನ ಮೊಣಕೈ ಹಿಡಿದ. ಅಣ್ಣನ ಎದುರೇ, ನಾಚಿಕೆ ಬಿಟ್ಟು, ನನ್ನನ್ನು ಕಂಡರೆ ಪ್ರಾಣ ಎಂದ. ಅವನ ಕೈ ನಡುಗಿದ್ದಕ್ಕೆ ನನ್ನ ಕೈಯ ಚಮಚವೂ ಅಲುಗಿ ಹಾಲು ಚೆಲ್ಲಿತು. ನಾನು ಇನ್ನೊಂದು ಚಮಚ ತುಂಬಿದೆ.