ಪೆದ್ದರಿಗೆ ಮಾತ್ರ ಹೊಂದುವ ಕೈಗವಸು

ಒಂದು ಹರಕು ಕೈಗವಸು ಹುಳುಕಪ್ಪನ ತಲೆ ಕೆಡಿಸಿಬಿಟ್ಟಿತು.

ಹುಳುಕಪ್ಪ ಎಂದು ಅವನಿಗೆ ಹೆಸರಿಟ್ಟವಳು ಅಂಕಿಯಮ್ಮ. ಅವಳನ್ನು ಅಂಕಿಯಮ್ಮ ಎಂದು ಕರೆದವನು ಅವನು. ವಿಡಿಯೊ ಗೇಮ್ ತಯಾರಿಸುವ ಆಫೀಸಿನಲ್ಲಿ ಇಬ್ಬರದೂ ಅಕ್ಕಪಕ್ಕದ ಮೇಜು. ಆಟದೊಳಗಿನ ಕತ್ತಿ, ಗುರಾಣಿ, ಉಂಗುರಗಳಿಗೆ ಎಷ್ಟೆಷ್ಟು ಶಕ್ತಿ ಎಂದು ಅಂಕಿ ಕೊಡುವುದು ಅವಳ ಕೆಲಸ. ಅವನ್ನು ತೊಟ್ಟು ಹೊಡೆದಾಡಿ, ಎಲ್ಲಿ ಹುಳುಕಿದೆ ಎಂದು ರಿಪೋರ್ಟ್ ಬರೆಯುವುದು ಇವನದು. ಎರಡು ವರ್ಷದಿಂದ ಊಟದ ಡಬ್ಬಿ ಹಂಚಿಕೊಂಡು, ದಿನವಿಡೀ ಜಗಳವಾಡಿಕೊಂಡು ಹಾಯಾಗಿದ್ದರು.

ಮೊನ್ನೆ ಅವಳನ್ನು ಬೇರೆ ಊರಿನ ಆಫೀಸಿನವರು ಕೆಲಸಕ್ಕೆ ಕರೆದರು. ಈ ಶುಕ್ರವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕು. ಹೋಗಲಾ ಎಂದು ಅವಳು ಕೇಳಿದಾಗ ಈ ಮಹಾನುಭಾವ, "ಹೋಗು, ಒಳ್ಳೆ ಅವಕಾಶ" ಎಂದುಬಿಟ್ಟಿದ್ದ. ಅಂದಿನಿಂದ ಹಂಚಿಕೊಂಡ ಡಬ್ಬಿಯ ಊಟ ಅವನಿಗೆ ರುಚಿಸುತ್ತಿರಲಿಲ್ಲ. ಯಾಕೆಂದು ತಿಳಿಯದು.

ಶುಕ್ರವಾರ ಬೆಳಿಗ್ಗೆ ಅವಳ ಹೊಸ ಪಟ್ಟಿಯಲ್ಲಿ ಈ ಕೈಗವಸು ಬಂತು. ಯಾವ ವಸ್ತು ತೊಡಬೇಕಾದರೂ ಇಷ್ಟಾದರೂ ಬಲ ಬೇಕು, ಇಷ್ಟಾದರೂ ಬುದ್ಧಿ ಬೇಕು ಎನ್ನುವುದು ಆಟದ ನಿಯಮ. ಇದರ ಷರತ್ತು ಉಲ್ಟಾ: ಬುದ್ಧಿ ಮೂರಕ್ಕಿಂತ ಕಡಿಮೆ ಇದ್ದವರಿಗೆ ಮಾತ್ರ. ಹುಳುಕಪ್ಪ ಆಟದಲ್ಲಿ ಆಡಿಸುವ ವೀರನಿಗೆ ಬಲ ತೊಂಬತ್ತು, ಬುದ್ಧಿ ಎರಡು. ಸಿಕ್ಕ ಅಂಕವನ್ನೆಲ್ಲ ತೋಳಿಗೇ ಸುರಿಯುವುದು ಅವನ ಚಾಳಿ. ಕೈಗವಸು ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

'ಷರತ್ತು ತಿರುಗುಮುರುಗಾಗಿದೆ' ಎಂದು ರಿಪೋರ್ಟ್ ಬರೆದ. 'ಸರಿಯಾಗಿಯೇ ಇದೆ' ಎಂದು ಎರಡು ಅಡಿ ದೂರದಿಂದ ಉತ್ತರ ಬಂತು. ಅವಳು ತಲೆಯೆತ್ತಲಿಲ್ಲ. ಕಿವಿಯ ಓಲೆ ಮಾತ್ರ ಸಣ್ಣಗೆ ಅಲುಗುತ್ತಿತ್ತು.

ಕೈಗವಸಿನಿಂದ ಹೊಡೆತಕ್ಕೂ ಬಲವಿಲ್ಲ, ರಕ್ಷಣೆಯೂ ಇಲ್ಲ. ಆದರೆ ಅದನ್ನು ತೊಟ್ಟು ಬಾವಿಯ ಬಳಿ ಗಿಡಮೂಲಿಕೆ ಮಾರುವವಳ ಪಕ್ಕ ನಿಂತರೆ ಸಾಕು, ವೀರನ ಗಾಯವೆಲ್ಲ ಮಾಯುತ್ತಿತ್ತು. ಆ ಮೂಲಿಕೆಯವಳ ದನಿ ಅಂಕಿಯಮ್ಮನದೇ. ದನಿ ಕೊಡಬೇಕಾದವರು ಕೈಕೊಟ್ಟ ದಿನ ಅವಳೇ ಮೈಕಿನ ಮುಂದೆ ಕೂತಿದ್ದಳು.

"ಏನಿದು, ಅಂಕಿಯಮ್ಮ? ಯುದ್ಧಕ್ಕೆ ಉಪಯೋಗ ಇಲ್ಲ. ತೆಗೆದುಬಿಡೋದಾ?"

"ತೆಗೀಬೇಕು ಅನ್ಸಿದ್ರೆ ತೆಗೀರಿ."

ತೆಗೀರಿ? ಎರಡು ವರ್ಷ 'ಲೋ' ಎಂದವಳು ಏಕಾಏಕಿ ಬಹುವಚನ ಹಿಡಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಏನೆಂದು ಅವನಿಗೆ ಸುತರಾಂ ಹೊಳೆಯಲಿಲ್ಲ.

"ಕೋಪಾನಾ?"

"ನಂಗ್ಯಾಕೆ ಕೋಪ? ಹೋಗು ಅಂದ್ರಲ್ಲ, ಹೋಗ್ತೀನಿ. ಒಳ್ಳೆ ಅವಕಾಶ."

"ನಾನು ಕೈಗವಸಿನ ಮಾತಾಡ್ತಿದ್ರೆ ನೀನೆಲ್ಲಿಗೋ ಹೋದ್ಯಲ್ಲ."

ಸರಿಯಾದ ಕೀಲಿಕೈ ಹಾಕಿದರೂ ತೆರೆಯದ ಬಾಗಿಲನ್ನು ನೋಡುವ ಹಾಗೆ ಅವಳು ಅವನನ್ನು ನೋಡಿದಳು. ಅವನು ಪೆಚ್ಚಾಗಿ, 'ತೆಗೆದುಹಾಕಬಹುದು' ಎಂದು ಇನ್ನೊಂದು ರಿಪೋರ್ಟ್ ಬರೆದ.

ನಾಲ್ಕೂವರೆಗೆ ಉತ್ತರ ಬಂತು: 'ಪರೀಕ್ಷೆ ಅರ್ಧಕ್ಕೇ ನಿಂತಿದೆ. ಬುದ್ಧಿ ಮೂರಕ್ಕೆ ಏರಿಸಿ ನೋಡಿಲ್ಲ.'

ಅವನಿಗೆ ನಾಚಿಕೆಯಾಯಿತು. ಮಿತಿಯ ಈಚೆಗೂ ಆಚೆಗೂ ನೋಡಬೇಕೆಂಬುದು ಟೆಸ್ಟರ್‌ಗಳ ಮೊದಲ ಪಾಠ. ಹೊಸಬರಿಗೆ ಅದನ್ನು ಕಲಿಸುತ್ತಿದ್ದವನೇ ಅವನು. ವೀರನ ಬುದ್ಧಿಯನ್ನು ಮೂರಕ್ಕೆ ಏರಿಸಿದ.

ಕೈಗವಸು ಕಳಚಿ ನೆಲಕ್ಕೆ ಬಿತ್ತು. ಮೂಲಿಕೆಯವಳು ತಿರುಗಿ ನೋಡಿದಳು. ಇಯರ್‌ಫೋನಿನಲ್ಲಿ ಆ ಪರಿಚಿತ ದನಿ: "ಬಂತಾ ಬುದ್ಧಿ? ಹಂಗಾದ್ರೆ ಇನ್ನು ಕೈಗವಸು ಯಾಕೆ, ಕೈ ಹಿಡ್ಕೋ. ಬೇಡ ಅಂದ್ರೆ ಅದನ್ನಾದ್ರೂ ಬಾಯಿಬಿಟ್ಟು ಹೇಳು. ಕಾದು ಕಾದು ಸಾಕಾಗಿದೆ."

ಹುಳುಕಪ್ಪ ಇಯರ್‌ಫೋನ್ ಕಿತ್ತ. ಪಕ್ಕದ ಪರದೆಯಲ್ಲಿ ಆ ಬೇರೆ ಊರಿನ ಆಫೀಸಿಗೆ ಕೊಡಬೇಕಾದ ಉತ್ತರದ ಮೇಲ್ ತೆರೆದಿತ್ತು. ಒಂದಕ್ಷರವೂ ಬರೆದಿರಲಿಲ್ಲ. ಅವಳ ಬಲಗೈ ಮೌಸಿನ ಮೇಲಿತ್ತು.

"ಹೋಗು ಅಂದಾಗಿಂದ ನಂಗೆ ಊಟ ಸೇರ್ತಿಲ್ಲ," ಎಂದ. "ಯಾಕೆ ಅಂತ ಈಗ ಗೊತ್ತಾಯ್ತು. ನೀನಂದ್ರೆ ನಂಗಿಷ್ಟ. ಹೋಗ್ಲೇಬೇಕು ಅಂದ್ರೆ ನಾನೂ ಬರ್ತೀನಿ."

"ಇದಕ್ಕೆ ಎರಡು ವರ್ಷ ಬೇಕಾಯ್ತಾ?"

"ಬುದ್ಧಿ ಎರಡೇ ಇತ್ತಲ್ಲ."

ಅವನು ಅವಳ ಬಲಗೈ ಹಿಡಿದುಕೊಂಡ.

"ಲೋ, ಎಲ್ರೂ ನೋಡ್ತಿದಾರೆ," ಎಂದಳು. ಆ 'ಲೋ' ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಐದಕ್ಕೆ ಎರಡು ನಿಮಿಷ ಇರುವಾಗ, ಬರೀ ಎಡಗೈಯಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: 'ಬರುವುದಿಲ್ಲ.'